ಪೂಜಾ ರಜೆಗೆ ಟಿಕೆಟ್ ಮಾಡಿಸೋದೋ, ಬೇಡವೋ?



ಪೂಜೆಗೆ ಇನ್ನೂ ಎರಡು ತಿಂಗಳಿದೆ ಎನ್ನುವಾಗಲೇ ಈ ಊರಿನಲ್ಲಿ ಒಂದು ಪ್ರಶ್ನೆ ಓಡಾಡತೊಡಗುತ್ತದೆ. ಆಫೀಸಿನ ಕ್ಯಾಂಟೀನಿನಲ್ಲಿ, ಮಕ್ಕಳ ಶಾಲೆಯ ಗೇಟಿನ ಹತ್ತಿರ, ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು ಕೊಳ್ಳುತ್ತಾ ನಿಂತಾಗ ಯಾರಾದರೂ ಕೇಳಿಯೇ ಕೇಳುತ್ತಾರೆ: "ಪುಜೋಯ್ ಕೋಥಾಯ್ ಜಾಚ್ಛೇನ್?" ಪೂಜೆಗೆ ಎಲ್ಲಿಗೆ ಹೊರಟಿರಿ? ನಮ್ಮಲ್ಲಿ ಊಟ ಆಯಿತೇ ಎಂದು ಕೇಳುವಷ್ಟೇ ಸಹಜ. ಬಂಗಾಳಿಗಳ ತಿರುಗಾಟದ ಹುಚ್ಚು ನಿಮಗೆ ನಾನು ಹೇಳಬೇಕಾಗಿಲ್ಲ. ಅವರೇ ತಮ್ಮನ್ನು ತಾವು ತಮಾಷೆ ಮಾಡಿಕೊಳ್ಳಲು "ದೀ-ಪು-ದಾ" ಎಂಬ ಮಾತು ಕಟ್ಟಿಕೊಂಡಿದ್ದಾರೆ. ದೀಘಾ, ಪುರಿ, ದಾರ್ಜಿಲಿಂಗ್. 1933ರಲ್ಲೇ ಶುರುವಾದ ಕುಂಡು ಸ್ಪೆಷಲ್ ಎಂಬ ಪ್ರವಾಸ ಸಂಸ್ಥೆ ಅಡುಗೆಯವರನ್ನೂ ಜೊತೆಗೇ ಕರೆದೊಯ್ಯುವುದಕ್ಕೆ ಹೆಸರಾಯಿತು. ಕಾಶ್ಮೀರಕ್ಕೆ ಹೋದರೂ ಮೀನಿನ ಸಾರು ತಪ್ಪಬಾರದಲ್ಲ!

ನಮ್ಮ ಕನ್ನಡಿಗರ ಮನೆಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಇಲ್ಲಿ ಪೂಜಾ ರಜೆ ಎಂದರೆ ಅಲ್ಲಿ ದಸರಾ ರಜೆ. ಮಕ್ಕಳಿಗೆ ಗುಡ್ಡ ನೋಡಬೇಕು, ಅಜ್ಜಿಗೆ ಮಕ್ಕಳನ್ನು ನೋಡಬೇಕು. ರಜೆ ಇರುವುದು ಒಂದೇ. ಹಾಗಾಗಿ "ಎಲ್ಲಿಗೆ" ಎನ್ನುವುದೇ ನಮಗೆ ದೊಡ್ಡ ಚರ್ಚೆಯಾಗಿತ್ತು. ಈಗ ಕೆಲವು ವರ್ಷಗಳಿಂದ ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಬಂದು ಕೂತಿದೆ: ಬುಕ್ ಮಾಡೋದೋ, ಬೇಡವೋ? ದುಡ್ಡು ಕಟ್ಟಿದ ಮೇಲೆ ಏನಾದರೂ ಆದರೆ?

"ಏನಾದರೂ" ಎನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ನಮ್ಮ ತೊಂದರೆ ಏನೆಂದರೆ ಎಲ್ಲ ಭಯವನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತೇವೆ. ಚಂಡಮಾರುತ, ಗುಡ್ಡ ಕುಸಿತ, ಬಂದ್, ಯುದ್ಧ, ರೋಗ, ಎಲ್ಲಕ್ಕೂ "ಕಾಲ ಸರಿಯಿಲ್ಲ" ಎಂದು ಒಂದೇ ಹೆಸರು. ಆದರೆ ಇವು ಒಂದೇ ಜಾತಿಯವಲ್ಲ. ಬುಕ್ ಮಾಡುವವನ ದೃಷ್ಟಿಯಿಂದ ಒಂದು ಮುಖ್ಯ ವ್ಯತ್ಯಾಸವಿದೆ: ಅಪಾಯ ಬರುವ ಮುಂಚೆ ಎಷ್ಟು ದಿನದ ಸೂಚನೆ ಕೊಡುತ್ತದೆ?

ಚಂಡಮಾರುತ ಈ ವಿಷಯದಲ್ಲಿ ಮರ್ಯಾದಸ್ಥ. ಹೇಳಿ ಬರುತ್ತದೆ. 2019ರ ಮೇ 3ರಂದು ಫನಿ ಚಂಡಮಾರುತ ಪುರಿಗೆ ಅಪ್ಪಳಿಸಿತು. ಹವಾಮಾನ ಇಲಾಖೆ ದಿನಗಟ್ಟಲೆ ಮುಂಚೆಯೇ ದಾರಿ ಗುರುತಿಸಿ ಹೇಳಿತ್ತು. ಪ್ರವಾಸಿಗರಿಗೆ ಊರು ಬಿಡಲು ಸರ್ಕಾರ ತಿಳಿಸಿತು, ಹಿಂದಿನ ದಿನ ಪುರಿಯಿಂದ ಹೌರಾ ಕಡೆಗೆ ವಿಶೇಷ ರೈಲುಗಳನ್ನೇ ಬಿಟ್ಟರು. 2024ರ ಅಕ್ಟೋಬರ್ 24ರ ರಾತ್ರಿ ದಾನಾ ಬಂದಾಗಲೂ ಹಾಗೆಯೇ. ಮೊದಲೇ ಪುರಿ ಖಾಲಿ ಮಾಡಿಸಿದರು, ನೂರಕ್ಕೂ ಹೆಚ್ಚು ರೈಲು ರದ್ದಾದವು. ಕೊನೆಗೆ ಗಾಳಿ ಭಿತರಕನಿಕಾ–ಧಾಮರಾ ಕಡೆ ಹತ್ತಿತು, ಪುರಿಗೆ ಅಂಥ ಏಟು ಬೀಳಲಿಲ್ಲ. ರಜೆ ಹಾಳಾಯಿತು ನಿಜ, ಆದರೆ ಮನುಷ್ಯರು ಮನೆಯಲ್ಲಿದ್ದರು. ಮೂರು-ನಾಲ್ಕು ದಿನದ ಸೂಚನೆ ಸಿಕ್ಕರೆ ನಾವು ಹೊರಡದೇ ಇರಬಹುದು, ಹೊರಟಿದ್ದರೆ ವಾಪಸ್ ಬರಬಹುದು. ಇಂಥ ಅಪಾಯಕ್ಕೆ ಹೆದರಿ ಎರಡು ತಿಂಗಳು ಮುಂಚೆ ಟಿಕೆಟ್ಟೇ ಮಾಡಿಸದೆ ಇರುವುದರಲ್ಲಿ ಅರ್ಥವಿಲ್ಲ.

ಗುಡ್ಡದ ಮಳೆ ಹಾಗಲ್ಲ. ಭಾರೀ ಮಳೆಯ ಮುನ್ನೆಚ್ಚರಿಕೆ ಬರುತ್ತದೆ, ಆದರೆ ಯಾವ ಗುಡ್ಡ ಯಾವ ತಿರುವಿನಲ್ಲಿ ಕುಸಿಯುತ್ತದೆ ಎಂದು ಯಾರೂ ಹೇಳಲಾರರು. 2025ರ ಪೂಜೆ ನಿಮಗೆ ನೆನಪಿರಬಹುದು. ಅಕ್ಟೋಬರ್ 2ಕ್ಕೆ ದಶಮಿ ಮುಗಿಯಿತು, ಠಾಕೂರ್ ವಿಸರ್ಜನೆ ನೋಡಿಕೊಂಡು ಎಷ್ಟೋ ಸಂಸಾರಗಳು ಸಿಯಾಲ್ದಾದಿಂದ ರೈಲು ಹತ್ತಿದವು. ಅಕ್ಟೋಬರ್ 4ರ ರಾತ್ರಿ ಉತ್ತರ ಬಂಗಾಳದಲ್ಲಿ ಮಳೆ ಸುರಿದ ಪರಿಗೆ ಬೆಳಗಾಗುವಷ್ಟರಲ್ಲಿ ಮಿರಿಕ್ ಸುತ್ತಮುತ್ತ ಮನೆಗಳು ಮಣ್ಣಿನಡಿ ಹೋಗಿದ್ದವು, ದುಧಿಯಾದಲ್ಲಿ ಬಾಲಾಸೋನ್ ನದಿಯ ಮೇಲಿನ ಕಬ್ಬಿಣದ ಸೇತುವೆ ಮುರಿದುಬಿದ್ದಿತ್ತು. 20ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಎರಡು ವರ್ಷ ಮುಂಚೆ, 2023ರ ಅಕ್ಟೋಬರ್ 4ರ ನಸುಕಿನಲ್ಲಿ, ಸಿಕ್ಕಿಂನ ದಕ್ಷಿಣ ಲೋನಾಕ್ ಹಿಮಸರೋವರ ಒಡೆದು ತೀಸ್ತಾ ನದಿ ಉಕ್ಕಿತು. ಚುಂಗ್‌ಥಾಂಗ್‌ನ ಅಣೆಕಟ್ಟೇ ಕೊಚ್ಚಿಹೋಯಿತು. ಲಾಚೆನ್, ಲಾಚುಂಗ್ ಕಡೆ ಹೋಗಿದ್ದ ಪ್ರವಾಸಿಗರಲ್ಲಿ ಎಷ್ಟೋ ಜನ ದಿನಗಟ್ಟಲೆ ಕಾದು ಹೆಲಿಕಾಪ್ಟರಿನಲ್ಲಿ ಬರಬೇಕಾಯಿತು. ಇಲ್ಲಿ ಸೂಚನೆ ಸಿಗುವುದು ಗಂಟೆಗಳ ಲೆಕ್ಕದಲ್ಲಿ. ಅಷ್ಟರಲ್ಲಿ ನೀವು ಟಿಕೆಟ್ ರದ್ದು ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ, ಗುಡ್ಡದ ಮೇಲೇ ಇರುತ್ತೀರಿ.

ಇಲ್ಲಿ ಒಂದು ಮಾತು ಸೇರಿಸಬೇಕು. ಪೂಜೆ ಚಂದ್ರನ ಲೆಕ್ಕದಲ್ಲಿ ಬರುತ್ತದೆ, ಮಳೆ ಹಾಗೆ ಬರುವುದಿಲ್ಲ. ಮುಂಗಾರು ಬಂಗಾಳದಿಂದ ಹಿಂದೆ ಸರಿಯುವುದು ಸಾಮಾನ್ಯವಾಗಿ ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ. ಆದ್ದರಿಂದ ಸೆಪ್ಟೆಂಬರ್ ಕೊನೆಗೇ ಬಂದ ಪೂಜೆಯೂ ಅಕ್ಟೋಬರ್ ಇಪ್ಪತ್ತರ ನಂತರ ಬಂದ ಪೂಜೆಯೂ ಗುಡ್ಡಕ್ಕೆ ಹೋಗುವವನಿಗೆ ಒಂದೇ ಅಲ್ಲ. ಬೇಗ ಬಂದರೆ ಅದು ಇನ್ನೂ ಮಳೆಗಾಲವೇ. ತಡವಾಗಿ ಬಂದರೆ ಗುಡ್ಡ ತಿಳಿಯಾಗುತ್ತದೆ, ಆದರೆ ಆಗ ಸಮುದ್ರದ ಕಡೆ ಕಣ್ಣಿಡಬೇಕು. ಒಡಿಶಾದ ಮಹಾ ಚಂಡಮಾರುತ 1999ರ ಅಕ್ಟೋಬರ್ 29ರಂದು ಬಂತು, ಫೈಲಿನ್ 2013ರ ಅಕ್ಟೋಬರ್ 12ರಂದು, ಪೂಜೆಯ ನಡುವೆಯೇ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಮಹಾಲಯ ಅಮಾವಾಸ್ಯೆ ಯಾವ ತಾರೀಖಿಗೆ ಎಂದು ನೋಡಿಕೊಂಡೇ ಗುಡ್ಡವೋ ಕಡಲೋ ಎಂದು ಅರ್ಧ ತೀರ್ಮಾನ ಮಾಡಬಹುದು. ಪಂಚಾಂಗಕ್ಕೆ ಇಂಥದೊಂದು ಉಪಯೋಗವೂ ಉಂಟು!

ಇನ್ನು ಮೂರನೆಯ ಜಾತಿ, ಮನುಷ್ಯರು ತರುವ ಅನಿಶ್ಚಿತತೆ. ಇದಕ್ಕೆ ಸೂಚನೆಯೂ ಇಲ್ಲ, ಯಾವಾಗ ಮುಗಿಯುತ್ತದೆಂಬ ಲೆಕ್ಕವೂ ಇಲ್ಲ. 2017ರ ಜೂನ್‌ನಲ್ಲಿ ದಾರ್ಜಿಲಿಂಗ್ ಪ್ರವಾಸಿಗರಿಂದ ಕಿಕ್ಕಿರಿದಿತ್ತು. ಶಾಲೆಗಳಲ್ಲಿ ಬಂಗಾಳಿ ಭಾಷೆಯ ವಿಚಾರವಾಗಿ ಎದ್ದ ಅಸಮಾಧಾನ ನೋಡನೋಡುತ್ತಾ ಗೋರ್ಖಾಲ್ಯಾಂಡ್ ಚಳವಳಿಯಾಯಿತು. ಜೂನ್ 8ರಂದು ಗಲಭೆ, 15ರಿಂದ ಅನಿರ್ದಿಷ್ಟ ಬಂದ್. ಪ್ರವಾಸಿಗರು ಸಿಕ್ಕ ಗಾಡಿ ಹತ್ತಿ ಸಿಲಿಗುರಿಗೆ ಇಳಿದರು. ಬಂದ್ 104 ದಿನ ನಡೆಯಿತು. ಮುಗಿದದ್ದು ಯಾವಾಗ ಗೊತ್ತೇ? ಸೆಪ್ಟೆಂಬರ್ 27ರಂದು. ಅಂದು ಸಪ್ತಮಿ! ಪೂಜೆಗೆಂದು ರೂಮು ಹಿಡಿದಿದ್ದವರೆಲ್ಲ ಅಷ್ಟು ಹೊತ್ತಿಗೆ ರದ್ದು ಮಾಡಿಯಾಗಿತ್ತು. ಆ ವರ್ಷ ಚಹಾ ತೋಟಗಳಲ್ಲಿ ಬೆಲೆಬಾಳುವ ಎರಡನೇ ಕುಯ್ಲು ಗಿಡದಲ್ಲೇ ಉಳಿದು ಹೋಯಿತು, ಹೋಟೆಲಿನವರಿಗೆ ಪೂಜಾ ಸೀಸನ್ನೂ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ನೇಪಾಳದಲ್ಲಿ ಯುವಕರ ಪ್ರತಿಭಟನೆ ಎರಡೇ ದಿನದಲ್ಲಿ ಸರ್ಕಾರವನ್ನೇ ಉರುಳಿಸಿ, ಕಾಠ್ಮಂಡು ವಿಮಾನ ನಿಲ್ದಾಣ ಮುಚ್ಚಿದಾಗಲೂ ಪೂಜೆಗೆ ಮೂರು ವಾರವೂ ಉಳಿದಿರಲಿಲ್ಲ.

ಪಹಲ್ಗಾಮ್ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. 2025ರ ಏಪ್ರಿಲ್ 22ರಂದು ಬೈಸರನ್ ಹುಲ್ಲುಗಾವಲಿನಲ್ಲಿ 26 ಜನರನ್ನು ಕೊಂದರು. ಅವರಲ್ಲಿ ಕರ್ನಾಟಕದವರೂ ಇದ್ದರು, ಪಶ್ಚಿಮ ಬಂಗಾಳದವರೂ ಇದ್ದರು. ನಮ್ಮ ಹುಟ್ಟೂರಿನ ಕಡೆಯೂ ಅಳು, ನಾವಿರುವ ಊರಿನಲ್ಲೂ ಅಳು. ರಜೆಗೆಂದು, ಹೆಂಡತಿ ಮಕ್ಕಳ ಜೊತೆ ಹೋದವರು. ಆಮೇಲೆ ಮೇ ತಿಂಗಳಲ್ಲಿ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ಕೆಲವು ದಿನ ಮುಚ್ಚಿದವು. ಕಾಶ್ಮೀರಕ್ಕೆ ಹೋಗಿ ಎಂದಾಗಲಿ, ಹೋಗಬೇಡಿ ಎಂದಾಗಲಿ ಈ ಮೈಕಿನ ಮುಂದೆ ಕೂತು ನಾನು ಹೇಳುವುದಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಈ ಭಯಕ್ಕೆ ರೀಫಂಡಿನ ಲೆಕ್ಕ ಅನ್ವಯಿಸುವುದಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಅಲ್ಲಿ ಹೋಗಿ ನಿದ್ದೆ ಬರುವುದಿಲ್ಲ ಎನ್ನಿಸಿದರೆ ಅಲ್ಲಿಗೆ ಮುಗಿಯಿತು. ಅವರನ್ನು ಪುಕ್ಕಲು ಎಂದು ಹಂಗಿಸಿ ಕರೆದುಕೊಂಡು ಹೋಗುವ ರಜೆ ರಜೆಯಲ್ಲ.

ಈಗ ದುಡ್ಡಿನ ಮಾತಿಗೆ ಬರೋಣ. ಸೂಚನೆಯ ದಿನ ಗೊತ್ತಾದ ಮೇಲೆ ಅದರ ಪಕ್ಕದಲ್ಲಿ ಇನ್ನೊಂದು ದಿನವನ್ನು ಬರೆದುಕೊಳ್ಳಬೇಕು: ಕಟ್ಟಿದ ಹಣ ಯಾವ ದಿನದ ನಂತರ ಕೈಬಿಟ್ಟು ಹೋಗುತ್ತದೆ? ಬಹಳ ಜನ ಒಟ್ಟು ಖರ್ಚು ನೋಡಿ ಹೆದರುತ್ತಾರೆ. ನೋಡಬೇಕಾದದ್ದು ಒಟ್ಟು ಖರ್ಚನ್ನಲ್ಲ, ವಾಪಸ್ ಬರದ ಖರ್ಚನ್ನು. ರೈಲಿನ ಮಟ್ಟಿಗೆ ನಮ್ಮ ಅದೃಷ್ಟ ಪರವಾಗಿಲ್ಲ. ರೈಲನ್ನು ರೈಲ್ವೆಯವರೇ ರದ್ದು ಮಾಡಿದರೆ ಪೂರ್ತಿ ಹಣ ಬರುತ್ತದೆ. ನಾವಾಗಿ ರದ್ದು ಮಾಡಿದರೆ ಹೊರಡುವ ಹೊತ್ತು ಹತ್ತಿರವಾದಷ್ಟೂ ಕಡಿತ ಹೆಚ್ಚು. ಈ ಗಂಟೆ, ಶೇಕಡಾವಾರು ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ಮಾಡಿಸುವ ದಿನವೇ ಒಮ್ಮೆ ಓದಿಬಿಡಿ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಅಯ್ಯೋ, ಪೂಜಾ ಟಿಕೆಟ್ ಇನ್ನೂ ಕಷ್ಟವಾಯಿತು ಎಂದು ಆಗ ಎಷ್ಟೋ ಜನ ಗೊಣಗಿದರು. ನನಗೆ ಮಾತ್ರ ಅದು ಒಳ್ಳೆಯದೇ ಎನ್ನಿಸಿತು. ನಾಲ್ಕು ತಿಂಗಳಾಚೆಯ ಲೋಕವನ್ನು ಊಹಿಸುವುದಕ್ಕಿಂತ ಎರಡು ತಿಂಗಳಾಚೆಯದು ಅಷ್ಟಾದರೂ ಸುಲಭ.

ವಿಮಾನದ್ದು ಬೇರೆ ನ್ಯಾಯ. ಅಗ್ಗದ ಟಿಕೆಟ್ಟು ಅಗ್ಗವಾಗಿರುವುದೇ ಅದು ವಾಪಸ್ ಬರುವುದಿಲ್ಲ ಎಂಬ ಕಾರಣಕ್ಕೆ. ಕಂಪನಿಯೇ ವಿಮಾನ ರದ್ದು ಮಾಡಿದರೆ ಹಣ ಕೊಡಬೇಕು, ಆದರೆ ಹಣ ಬಂದಮಾತ್ರಕ್ಕೆ ಊರು ಮುಟ್ಟುವುದಿಲ್ಲವಲ್ಲ. 2025ರ ಡಿಸೆಂಬರ್ ಮೊದಲ ವಾರ ಪೈಲಟ್‌ಗಳ ಹೊಸ ಡ್ಯೂಟಿ ನಿಯಮಗಳಿಂದಾಗಿ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು. ಮಳೆಯಿಲ್ಲ, ಗಾಳಿಯಿಲ್ಲ, ಬಂದ್ ಇಲ್ಲ, ಆದರೂ ಜನ ನಿಲ್ದಾಣಗಳಲ್ಲಿ ನೆಲದ ಮೇಲೆ ಮಲಗಿದ್ದರು. ಕೋವಿಡ್ ಕಾಲದಲ್ಲಿ ವಿಮಾನ ಕಂಪನಿಗಳು ಹಣದ ಬದಲು ಮುಂದಿನ ಪ್ರಯಾಣದ ಕ್ರೆಡಿಟ್ ಕೊಟ್ಟವು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2020ರ ಅಕ್ಟೋಬರ್ 1ರಂದು ರೀಫಂಡಿನ ಆದೇಶ ಬರಬೇಕಾಯಿತು. ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಭಯವಾಗಿ ನಾವೇ ಹೋಗದಿದ್ದರೆ ಸಾಮಾನ್ಯವಾಗಿ ಅದು ಹಣ ಕೊಡುವುದಿಲ್ಲ. ರೈಲ್ವೆ ಟಿಕೆಟ್ ಜೊತೆ ಒಂದು ರೂಪಾಯಿಗೂ ಕಡಿಮೆಗೆ ಸಿಗುವ ವಿಮೆಯಂತೂ ಅಪಘಾತಕ್ಕೆ, ರದ್ದಾದ ರಜೆಗಲ್ಲ.

ಹೋಟೆಲ್, ಹೋಂಸ್ಟೇ ವಿಷಯದಲ್ಲಿ ನಿಯಮಕ್ಕಿಂತ ಮಾತು ದೊಡ್ಡದು. ಕಾಲಿಂಪಾಂಗ್, ಕರ್ಸಿಯಾಂಗ್ ಕಡೆಯ ಸಣ್ಣ ಹೋಂಸ್ಟೇ ನಡೆಸುವವರು ಮುಂಗಡ ತೆಗೆದುಕೊಳ್ಳುವಾಗಲೇ ಕೇಳಿಬಿಡಿ: ದಾರಿ ಮುಚ್ಚಿದರೆ ತಾರೀಖು ಬದಲಿಸಿಕೊಡುತ್ತೀರಾ? ಮೊದಲೇ ಕೇಳಿದರೆ ಬಹಳ ಜನ ಒಪ್ಪುತ್ತಾರೆ. ಹಣ ವಾಪಸ್ ಕೊಡಿ ಎನ್ನುವುದು ಅವರಿಗೆ ಕಷ್ಟ, ಆ ಹಣದಲ್ಲಿ ಆಗಲೇ ಅಕ್ಕಿ, ಗ್ಯಾಸು ಬಂದಿರುತ್ತದೆ. ತಾರೀಖು ಬದಲಿಸುವುದು ಸುಲಭ. ಆ ಮಾತನ್ನು ಮೊಬೈಲಿನಲ್ಲಿ ಬರೆದು ಕಳಿಸಿ ಎನ್ನಿ, ಬಾಯಿಮಾತು ಸಾಲದು.

ಇನ್ನೊಂದು ಅಭ್ಯಾಸ ನಮ್ಮ ಮಲೆನಾಡಿನವರಿಗೆ, ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ: ದಾರಿ ಎಣಿಸುವುದು. ಮಳೆಗಾಲದಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಹೊರಟವನು ಶಿರಾಡಿ ಮುಚ್ಚಿದರೆ ಚಾರ್ಮಾಡಿ, ಅದೂ ಇಲ್ಲವಾದರೆ ಸಂಪಾಜೆ ಎಂದು ಬೆರಳು ಮಡಿಸುತ್ತಾನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಆ ಬೆರಳುಗಳೂ ಸಾಲಲಿಲ್ಲ, ಅದು ಬೇರೆ ಮಾತು. ಇಲ್ಲಿಯೂ ಅದೇ ಲೆಕ್ಕ ಹಾಕಿ. ಸಿಲಿಗುರಿಯಿಂದ ದಾರ್ಜಿಲಿಂಗಿಗೆ ಹಳೆಯ ಹಿಲ್ ಕಾರ್ಟ್ ರೋಡ್ ಇದೆ, ರೋಹಿಣಿ ರಸ್ತೆ ಇದೆ, ಕಡಿದಾದ ಪಂಖಾಬಾರಿ ಇದೆ, ಸುತ್ತು ಬಳಸಿದರೆ ಮಿರಿಕ್ ಇದೆ. ಒಂದು ಮುಚ್ಚಿದರೆ ಇನ್ನೊಂದರಲ್ಲಿ ಇಳಿಯಬಹುದು. ಗ್ಯಾಂಗ್ಟಾಕಿಗೆ ತೀಸ್ತಾ ದಡದ ಹೆದ್ದಾರಿ 10, ಅದು ಕೈಕೊಟ್ಟರೆ ಲಾವಾ–ಗೋರುಬಥಾನ್ ಸುತ್ತು. ಲಾಚುಂಗ್, ಲಾಚೆನ್‌ಗೆ ಹೋದಿರೋ, ಹೋದ ದಾರಿಯಲ್ಲೇ ಬರಬೇಕು. 2024ರ ಜೂನ್‌ನಲ್ಲಿ ಲಾಚುಂಗ್‌ನಲ್ಲಿ ಮತ್ತೆ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡದ್ದು ಇದಕ್ಕೇ. ಜಾಗ ಚೆಂದವೋ ಚೆಂದ, ಅನುಮಾನವಿಲ್ಲ. ಆದರೆ ದಿನಾ ಇನ್ಸುಲಿನ್ ತೆಗೆದುಕೊಳ್ಳುವ ಅಪ್ಪನನ್ನು ಕರೆದುಕೊಂಡು, ಸೋಮವಾರ ಆಫೀಸಿಗೆ ಹಾಜರಾಗಲೇಬೇಕಾದವನು ಒಂದೇ ದಾರಿಯ ಊರಿಗೆ ಮಳೆ ಮುಗಿಯುವ ಮುಂಚೆ ಹೋಗುವುದು ನನ್ನ ಪ್ರಕಾರ ಬೇಡ. ಹಾಗೇ ಎರಡು ದಿನದ ರಜೆ ಕೈಯಲ್ಲಿ ಇಟ್ಟುಕೊಂಡು ಹೊರಡಿ. ಭಾನುವಾರ ರಾತ್ರಿ ಮುಟ್ಟಿ ಸೋಮವಾರ ಬೆಳಿಗ್ಗೆ ಪಂಚಿಂಗ್ ಮಾಡುತ್ತೇನೆ ಎನ್ನುವ ಯೋಜನೆಗೆ ಗುಡ್ಡ ಕುಸಿಯಬೇಕಾಗಿಯೂ ಇಲ್ಲ, ಒಂದು ಟ್ರಾಫಿಕ್ ಜಾಮ್ ಸಾಕು.

ಊರಿಗೆ ಹೋಗುವವರು ಇದನ್ನೆಲ್ಲ ಕೇಳಿ ನಮಗೇನು ಎನ್ನಬಾರದು. ಹೌರಾದಿಂದ ಬೆಂಗಳೂರಿಗೆ ಸುಮಾರು 2,000 ಕಿಲೋಮೀಟರ್. ಬಾಲಾಸೋರ್, ಕಟಕ್, ಬ್ರಹ್ಮಪುರ, ಮುಂದೆ ಆಂಧ್ರದ ಕರಾವಳಿ. ಚಂಡಮಾರುತ ಬಂದಾಗ ಮೊದಲು ರದ್ದಾಗುವುದು ಈ ದಾರಿಯ ರೈಲುಗಳೇ. 2023ರ ಜೂನ್ 2ರ ಸಂಜೆ ಬಾಲಾಸೋರ್ ಹತ್ತಿರದ ಬಹನಗಾದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಹಳಿ ತಪ್ಪಿದಾಗ ಅದಕ್ಕೆ ಸಿಕ್ಕಿಕೊಂಡ ಇನ್ನೊಂದು ರೈಲು ಬೆಂಗಳೂರು–ಹೌರಾ ಎಕ್ಸ್‌ಪ್ರೆಸ್. ನಮ್ಮದೇ ರೈಲು. ಸುಮಾರು 290 ಜನ ತೀರಿಕೊಂಡರು. ಆ ರಾತ್ರಿ ಈ ಊರಿನ ಎಷ್ಟು ಕನ್ನಡದ ಮನೆಗಳಲ್ಲಿ ಫೋನು ಹಿಡಿದು ಕೂತಿದ್ದರೋ. 51 ಗಂಟೆಯಲ್ಲಿ ಹಳಿ ಸರಿಯಾಗಿ ಗಾಡಿ ಓಡಿತು. ನಾವೂ ಮತ್ತೆ ಅದೇ ರೈಲು ಹತ್ತಿದೆವು. ಧೈರ್ಯಕ್ಕಲ್ಲ, ಅಮ್ಮ ಇರುವುದು ಆ ಹಳಿಯ ಆ ತುದಿಯಲ್ಲಿ ಎಂಬುದಕ್ಕೆ.

ಇಲ್ಲೇ ನಾವು ಲೆಕ್ಕಕ್ಕೆ ಹಿಡಿಯದ ಒಂದು ಖರ್ಚು ಇದೆ. ಬುಕ್ ಮಾಡಿ ರದ್ದಾದರೆ ಎಷ್ಟು ಹೋಯಿತು ಎಂದು ರೂಪಾಯಿಯಲ್ಲಿ ಹೇಳುತ್ತೇವೆ. ಬುಕ್ಕೇ ಮಾಡದೆ ಇದ್ದರೆ ಏನು ಹೋಯಿತು ಎಂದು ಯಾರೂ ಬರೆದಿಡುವುದಿಲ್ಲ. ನನಗೆ ಗೊತ್ತಿರುವ ಒಂದು ಮನೆಯಿದೆ, ಇಲ್ಲೇ ದಕ್ಷಿಣ ಕೋಲ್ಕತ್ತದಲ್ಲಿ. ಯಜಮಾನರ ತಾಯಿ ಧಾರವಾಡದಲ್ಲಿ. 2019ರ ಪೂಜೆಗೆ ಮಗನ ಪರೀಕ್ಷೆ ಹತ್ತಿರ ಎಂದು ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ 2020. ಅದರ ಮುಂದಿನ ವರ್ಷ ಎರಡನೇ ಅಲೆಯ ಹೆದರಿಕೆ. ಮೂರು ವರ್ಷ ಆದಮೇಲೆ ಹೋದಾಗ ಅಜ್ಜಿ ಮೊಮ್ಮಗನನ್ನು ನೋಡಿ "ಇವನು ಯಾರಪಾ?" ಎಂದರಂತೆ. ಅಷ್ಟು ಎತ್ತರ ಬೆಳೆದಿದ್ದ ಎಂದು ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ಅವರಿಗೆ ಮರೆವು ಶುರುವಾಗಿತ್ತು.

ಈಗ ಆ ಮನೆಯಲ್ಲಿ ಹೊಸ ಪದ್ಧತಿ. ಪೂಜೆಗೆ ಊರಿನ ಟಿಕೆಟ್ಟು, ಬುಕಿಂಗ್ ತೆರೆದ ದಿನವೇ, ಹೋಗಿ ಬರುವುದು ಎರಡೂ. ಅದರ ಬಗ್ಗೆ ಚರ್ಚೆಯಿಲ್ಲ. ಗಾಳಿ ಬಂದು ರೈಲು ರದ್ದಾದರೆ ಹಣ ವಾಪಸ್ ಬರುತ್ತದೆ, ಆಗ ವಿಮಾನಕ್ಕೆ ಎಂದು ಒಂದಿಷ್ಟು ದುಡ್ಡು ಬೇರೆ ಖಾತೆಯಲ್ಲಿ ಹಾಕಿಟ್ಟಿದ್ದಾರೆ. ಗುಡ್ಡಕ್ಕೆ ಡಿಸೆಂಬರ್. ಚಳಿ ಹೌದು, ಹೋಟೆಲಿನವರು ಬಿಸಿನೀರಿನ ಚೀಲ ಕೊಡುತ್ತಾರೆ. ಮಳೆಯಿಲ್ಲ, ಪೂಜೆಯ ನೂಕುನುಗ್ಗಲಿಲ್ಲ, ಬೆಳಿಗ್ಗೆ ಎದ್ದರೆ ಕಾಂಚನಜಂಘಾ ಕಾಣುವ ಸಂಭವ ಅಕ್ಟೋಬರ್ ಆರಂಭಕ್ಕಿಂತ ಎಷ್ಟೋ ಹೆಚ್ಚು. ಮಕ್ಕಳು ಮೊದಮೊದಲು ಮುಖ ಊದಿಸಿಕೊಂಡರು. ಸ್ನೇಹಿತರೆಲ್ಲ ಪೂಜೆಗೇ ಹೋಗುತ್ತಾರಲ್ಲ ಎಂದು. 2025ರ ಅಕ್ಟೋಬರ್ 5ರಂದು ಟಿವಿಯಲ್ಲಿ ದುಧಿಯಾ ಸೇತುವೆ ತೋರಿಸುವಾಗ ಅವರು ಧಾರವಾಡದಲ್ಲಿ ಅಜ್ಜಿಯ ಪಕ್ಕ ಕೂತು ಪೇಢೆ ತಿನ್ನುತ್ತಿದ್ದರಂತೆ. ಅಜ್ಜಿ ಅಂದೂ ಕೇಳಿದರಂತೆ, ಇವನು ಯಾರಪಾ ಎಂದು. ಈ ಸಲ ಹುಡುಗ ತಾನೇ ಹೆಸರು ಹೇಳಿ, ಇನ್ನೊಂದು ಪೇಢೆ ಅವರ ಕೈಗಿಟ್ಟನಂತೆ.